ಶ್ವಾಸಕೋಶ ತೊಳೆದ ನೀರಿನ ಪರೀಕ್ಷೆ: ಬೆಳೆಗಾರರು ತಿಳಿದಿರಬೇಕಾದ ವಿಚಾರ

“ಶ್ವಾಸಕೋಶದ ಒಳಗೆ ನೀರು ಬಿಟ್ಟು ತೆಗೆಯಬೇಕು ಅಂತಾರೆ, ಸೆಕ್ರೆಟರಿಯವರೇ. ಒಪ್ಪಬಹುದೋ, ಬೇಡವೋ?” ಕಳೆದೊಂದು ವರ್ಷದಲ್ಲಿ ನಮ್ಮ ಸಂಘದ ಇಬ್ಬರು ಸದಸ್ಯರು ಈ ಪರೀಕ್ಷೆಯ ವಿಚಾರವಾಗಿ ನನ್ನಲ್ಲಿಗೆ ಬಂದಿದ್ದಾರೆ. ಮೇಲಿನ ಪ್ರಶ್ನೆ ಕೇಳಿದವರು ಹೆದರಿ, ಪರೀಕ್ಷೆ ಮಾಡಿಸದೆ ಆಸ್ಪತ್ರೆಯಿಂದ ಮನೆಗೆ ಮರಳಿದವರು. ಇನ್ನೊಬ್ಬರು ಮಾಡಿಸಿಕೊಂಡು, ಫಲಿತಾಂಶದ ಕಾಗದ ಹಿಡಿದು “ಇದರಲ್ಲಿ ಲಿಂಫೋಸೈಟ್ ಶೇಕಡಾ ಇಷ್ಟು ಅಂತ ಇದೆಯಲ್ಲ, ಅದೇನು?” ಎಂದು ಕೇಳಲು ಬಂದವರು.

ನಾನು ವೈದ್ಯನಲ್ಲ. ವಿಜ್ಞಾನ ಪದವಿ ಮುಗಿಸಿ ತೋಟಕ್ಕೆ ಮರಳಿದವನು. ಆದರೂ ಇಬ್ಬರ ಪ್ರಶ್ನೆಗೂ ಸರಿಯಾದ ಉತ್ತರ ಸಿಗಬೇಕೆಂಬ ಉದ್ದೇಶದಿಂದ ತಿಳಿದವರನ್ನು ಕೇಳಿ, ಓದಿ, ಸಂಗ್ರಹಿಸಿದ ವಿಷಯಗಳನ್ನು ಸದಸ್ಯರ ಮುಂದಿಡುತ್ತಿದ್ದೇನೆ. ಈ ಪರೀಕ್ಷೆಯ ಅರ್ಧ ಭಾಗ ಆಸ್ಪತ್ರೆಯಲ್ಲಿ ನಡೆಯುತ್ತದೆ. ಉಳಿದರ್ಧ ನಡೆಯಬೇಕಾದದ್ದು ನಮ್ಮ ಬಾಯಿಂದ. ನಾವು ಯಾವ ಧೂಳಿನಲ್ಲಿ ಕೆಲಸ ಮಾಡುತ್ತೇವೆಂದು ವೈದ್ಯರಿಗೆ ಹೇಳದಿದ್ದರೆ, ಎಷ್ಟು ಒಳ್ಳೆಯ ಪರೀಕ್ಷೆಯೂ ಪೂರ್ತಿ ಫಲ ಕೊಡುವುದಿಲ್ಲ.

ಕೆಮ್ಮಿಗೆ ಹೆಸರಿಡುವ ಕಷ್ಟ

ನಮ್ಮ ವರ್ಷದ ಕೆಲಸವನ್ನು ಒಮ್ಮೆ ನೆನಪಿಸಿಕೊಳ್ಳಿ. ಚಾಲಿ ಅಡಿಕೆ ಸುಲಿಯುವಾಗ ಏಳುವ ಧೂಳು, ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಸಿಪ್ಪೆಯ ರಾಶಿ, ಅಟ್ಟದ ಮೇಲಿನ ಹಳೆಯ ಹುಲ್ಲು, ಕೊಟ್ಟಿಗೆಯ ಸೊಪ್ಪು, ದರಗು, ಗೊಬ್ಬರದ ಗುಂಡಿ, ಕಾಫಿ ಒಣಗಿಸಿ ಮೂಟೆ ಕಟ್ಟುವಾಗಿನ ಹೊಟ್ಟು, ಮಳೆಗಾಲದಲ್ಲಿ ಬೋರ್ಡೋ ದ್ರಾವಣದ ಮಂಜು. ಇವೆಲ್ಲದರ ನಡುವೆ ಉಸಿರಾಡಿದವನಿಗೆ ಕೆಮ್ಮು ಬಂದರೆ ‘ಧೂಳಿಗೆ ಹೀಗಾಗುತ್ತದೆ’ ಎಂದು ಸುಮ್ಮನಾಗುವುದು ನಮ್ಮ ವಾಡಿಕೆ.

ಕೆಮ್ಮು ಬಿಡದೆ, ಏರು ಹತ್ತುವಾಗ ದಮ್ಮು ಕಟ್ಟಿ, ಮೈ ಇಳಿಯತೊಡಗಿದಾಗ ವೈದ್ಯರ ಬಳಿ ಹೋಗುತ್ತೇವೆ. ಅಲ್ಲಿಯೂ ಕೆಲಸ ಸುಲಭವಲ್ಲ. ಕ್ಷಯ, ಗೂರಲು, ನ್ಯುಮೋನಿಯಾ, ಶ್ವಾಸಕೋಶದ ಗಾಳಿಗೂಡುಗಳ ಗೋಡೆ ದಪ್ಪವಾಗುವ ರೋಗಗಳು ಎಲ್ಲವೂ ಹೆಚ್ಚುಕಡಿಮೆ ಇದೇ ಲಕ್ಷಣ ತೋರಿಸುತ್ತವೆ. ಗಾಳಿಗೂಡುಗಳ ಗೋಡೆಯನ್ನು ಹಿಡಿಯುವ ರೋಗಗಳೇ ಇನ್ನೂರಕ್ಕೂ ಹೆಚ್ಚು ಬಗೆಯವು. ಎಕ್ಸ್‌ರೇ ಫೋಟೋದಲ್ಲಿ ಕಾಣುವುದು ನೆರಳು ಮಾತ್ರ. ನೆರಳಿಗೆ ಹೆಸರು ಬರೆದಿರುವುದಿಲ್ಲ. ಕಫದಲ್ಲಿ ರೋಗಾಣು ಸಿಗದಿದ್ದರೂ ಫೋಟೋದ ನೆರಳನ್ನೇ ನಂಬಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿ, ಗುಣ ಕಾಣದೆ ಉಳಿದವರು ನಮ್ಮ ನಡುವೆಯೇ ಇದ್ದಾರೆ.

ಹೆಸರು ತಪ್ಪಿದರೆ ಹಣದ ನಷ್ಟವಷ್ಟೇ ಅಲ್ಲ, ಕಾಲದ ನಷ್ಟವೂ ಆಗುತ್ತದೆ. ಧೂಳಿನಿಂದ ಬರುವ ಕೆಲವು ರೋಗಗಳಲ್ಲಿ ಮೊದಲ ಹಂತದಲ್ಲಿಯೇ ಕಾರಣವನ್ನು ಗುರುತಿಸಿ ಅದರಿಂದ ದೂರವಾದರೆ ಶ್ವಾಸಕೋಶ ಮೊದಲಿನಂತಾಗಬಹುದು. ತಡವಾದರೆ ಗಾಳಿಗೂಡುಗಳ ನಡುವೆ ಗಾಯದ ಕಲೆಯಂತೆ ನಾರು ಬೆಳೆಯುತ್ತದೆ. ಹಾಗೆ ಒಮ್ಮೆ ಗಟ್ಟಿಯಾದ ಭಾಗ ಮತ್ತೆ ಮೆದುವಾಗುವುದಿಲ್ಲ.

ರೈತನ ಹೆಸರು ಹೊತ್ತ ರೋಗ

1932ರಲ್ಲಿ ಇಂಗ್ಲೆಂಡಿನ ವೈದ್ಯ ಕ್ಯಾಂಪ್‌ಬೆಲ್ ಎಂಬವರು ಒಂದು ವಿಚಿತ್ರ ಕಾಯಿಲೆಯ ವರದಿ ಬರೆದರು. ಮಳೆಗೆ ನೆನೆದು ಬೂಷ್ಟು ಹಿಡಿದ ಒಣಹುಲ್ಲನ್ನು ಕೆದಕಿದ ರೈತರಿಗೆ ಉಸಿರು ಕಟ್ಟುವುದು, ಕೆಮ್ಮು ಬರುವುದು ಆಗುತ್ತಿತ್ತು. ಮುಂದೆ ಇದಕ್ಕೆ ‘ಫಾರ್ಮರ್ಸ್ ಲಂಗ್’, ಅಂದರೆ ರೈತನ ಶ್ವಾಸಕೋಶ ರೋಗ ಎಂದೇ ಹೆಸರಾಯಿತು. ಕಾರಣ ಖಚಿತವಾದದ್ದು 1963ರಲ್ಲಿ. ಹಸಿ ಹುಲ್ಲು ರಾಶಿಯಲ್ಲಿ ಬಿಸಿಯೇರಿದಾಗ ಬೆಳೆಯುವ, ಶಾಖವನ್ನು ಇಷ್ಟಪಡುವ ಒಂದು ಜಾತಿಯ ಸೂಕ್ಷ್ಮಜೀವಿಗಳೇ ಇದರ ಮೂಲವೆಂದು ಲಂಡನ್ನಿನ ಪೆಪಿಸ್ ಮತ್ತು ಸಂಗಡಿಗರು ತೋರಿಸಿದರು. ಗೊಬ್ಬರದ ಗುಂಡಿಗೆ ಕೈಯಿಟ್ಟು ಬಿಸಿ ನೋಡಿದ ನಮಗೆ ಈ ಮಾತು ಹೊಸದಲ್ಲ.

ಇದು ಸೋಂಕು ರೋಗವಲ್ಲ ಎಂಬುದನ್ನು ಗಮನಿಸಬೇಕು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬೂಷ್ಟಿನ ಅತಿ ಸಣ್ಣ ಕಣಗಳು ಗಾಳಿಗೂಡಿನವರೆಗೂ ಇಳಿದಾಗ, ಕೆಲವರ ದೇಹ ಅವುಗಳ ಮೇಲೆ ಅತಿಯಾಗಿ ಕೆರಳುತ್ತದೆ. ಒಂದೇ ಅಂಗಳದಲ್ಲಿ ಹತ್ತು ಜನ ಸುಲಿದರೂ ಒಬ್ಬನಿಗೆ ಮಾತ್ರ ರೋಗ ಬರಬಹುದು. ಕೆಲಸ ಮಾಡಿದ ನಾಲ್ಕರಿಂದ ಎಂಟು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು, ಒಣಕೆಮ್ಮು, ಎದೆ ಬಿಗಿತ ಬಂದು, ಒಂದೆರಡು ದಿನದಲ್ಲಿ ತಾನಾಗಿ ಇಳಿಯುವುದು ಇದರ ಒಂದು ರೂಪ. ಬೆಳಿಗ್ಗೆ ಮಾಡಿದ ಕೆಲಸಕ್ಕೂ ಸಂಜೆಯ ಜ್ವರಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ‘ಫ್ಲೂ’ ಎಂದುಕೊಂಡು ಕಷಾಯ ಕುಡಿಯುತ್ತೇವೆ. ಇನ್ನೊಂದು ರೂಪದಲ್ಲಿ ಜ್ವರವೇ ಇರುವುದಿಲ್ಲ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ದಮ್ಮು ಹೆಚ್ಚುತ್ತ ಹೋಗುತ್ತದೆ. ಹೆಚ್ಚು ಅಪಾಯದ್ದು ಇದೇ.

ವೈದ್ಯರು ಈ ಇಡೀ ಗುಂಪನ್ನು ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಎನ್ನುತ್ತಾರೆ. ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆ, ಅಣಬೆ ಬೆಳೆಸುವ ಗೊಬ್ಬರ, ಪಾರಿವಾಳ ಮತ್ತಿತರ ಹಕ್ಕಿಗಳ ಹಿಕ್ಕೆ ಹಾಗೂ ಗರಿ, ಇವೆಲ್ಲ ಇದಕ್ಕೆ ಕಾರಣವೆಂದು ಗೊತ್ತಾಗಿದೆ. ನಮ್ಮ ದೇಶದಲ್ಲಿ 19 ನಗರಗಳ 27 ಕೇಂದ್ರಗಳು ಸೇರಿ, ಗಾಳಿಗೂಡುಗಳ ಗೋಡೆಯ ರೋಗವಿದ್ದ 1,084 ಜನರ ವಿವರ ಕಲೆಹಾಕಿ 2017ರಲ್ಲಿ ಪ್ರಕಟಿಸಿದವು. ಅದರಲ್ಲಿ ಶೇಕಡಾ 47.3 ಜನರದು ಇದೇ ರೋಗ. ಅವರಲ್ಲಿ ಸುಮಾರು ಅರ್ಧದಷ್ಟು ಜನ ಏರ್ ಕೂಲರ್ ಬಳಸುತ್ತಿದ್ದವರು. ಬೇರೆ ಕೇಂದ್ರಗಳ ಲೆಕ್ಕದಲ್ಲಿ ಈ ಪ್ರಮಾಣ ಕಡಿಮೆ ಬಂದಿರುವುದೂ ಉಂಟು. ಹೇಗಿದ್ದರೂ ಇದು ಎಲ್ಲೋ ಹೊರದೇಶದ ರೋಗವೆಂದು ತಳ್ಳಿಹಾಕುವಂತಿಲ್ಲ.

ಇಲ್ಲಿ ಕಾಫಿಯ ವಿಷಯವಾಗಿ ಒಂದು ಮಾತು. 1970ರಲ್ಲಿ ಹಾಲೆಂಡಿನ ವೈದ್ಯರೊಬ್ಬರು ಕಾಫಿ ಕಾರ್ಖಾನೆಯ ಕೆಲಸಗಾರನೊಬ್ಬನಲ್ಲಿ ಈ ಜಾತಿಯ ರೋಗ ಕಂಡು, ‘ಕಾಫಿ ಕೆಲಸಗಾರನ ಶ್ವಾಸಕೋಶ’ ಎಂದು ಹೆಸರಿಟ್ಟರು. ಅದು ಪುಸ್ತಕಗಳಿಗೂ ಸೇರಿತು. ಆದರೆ 1983ರಲ್ಲಿ ಅದೇ ವೈದ್ಯರೂ ಸೇರಿದ್ದ ತಂಡ ಮರುಪರಿಶೀಲನೆ ನಡೆಸಿ, ಕಾಫಿಯನ್ನು ಈ ಪಟ್ಟಿಯಿಂದ ತೆಗೆಯಬೇಕೆಂದು ಬರೆಯಿತು. ಹಸಿರು ಕಾಫಿ ಬೀಜದ ಧೂಳಿನಿಂದ ಕೆಲವರಿಗೆ ಸೀನು, ಗೂರಲು ಬರುವುದು ನಿಜ. ಅದು ಬೇರೆ ರೋಗ. ಕೆಲಸದ ಹೆಸರು ಕೇಳಿದ ಮಾತ್ರಕ್ಕೆ ರೋಗದ ಹೆಸರು ಹೇಳಿಬಿಡಬಾರದು, ಪುರಾವೆ ಬೇಕು ಎಂಬುದಕ್ಕೆ ಇದೇ ಉದಾಹರಣೆ. ಆ ಪುರಾವೆಗಳಲ್ಲಿ ಒಂದು ಈಗ ಹೇಳಲಿರುವ ತೊಳೆನೀರು.

ಪರೀಕ್ಷೆ ನಡೆಯುವ ಬಗೆ

ಮೊದಲು ಒಂದು ಗೊಂದಲ ತೀರಿಸೋಣ. ‘ಶ್ವಾಸಕೋಶದಲ್ಲಿ ನೀರು ತುಂಬಿದೆ’ ಎಂದು ಬೆನ್ನಿಗೆ ಸೂಜಿ ಚುಚ್ಚಿ ತೆಗೆಯುವುದುಂಟಲ್ಲ, ಅದು ಶ್ವಾಸಕೋಶದ ಹೊರಗೆ, ಅದರ ಪೊರೆಗಳ ನಡುವೆ ಸೇರಿದ ನೀರು. ಈ ಪರೀಕ್ಷೆ ಅದಲ್ಲ. ಇಲ್ಲಿ ಸೂಜಿಯೂ ಇಲ್ಲ, ಕೊಯ್ಯುವುದೂ ಇಲ್ಲ.

1960ರ ದಶಕದ ಕೊನೆಯಲ್ಲಿ ಜಪಾನಿನ ಡಾ. ಶಿಗೆಟೊ ಇಕೆಡಾ ಬಾಗುವಂಥ ಬ್ರಾಂಕೋಸ್ಕೋಪನ್ನು ಬಳಕೆಗೆ ತಂದರು. ಪೆನ್ಸಿಲಿಗಿಂತ ತೆಳ್ಳಗಿನ, ತುದಿಯಲ್ಲಿ ಬೆಳಕಿರುವ ಕೊಳವೆ ಅದು. 1974ರಲ್ಲಿ ಅಮೆರಿಕದ ರೆನಾಲ್ಡ್ಸ್ ಮತ್ತು ನ್ಯೂಬಾಲ್ ಈ ಕೊಳವೆಯ ಮೂಲಕ ಶ್ವಾಸಕೋಶದ ಒಂದು ಮೂಲೆಯನ್ನು ತೊಳೆದು, ಬಂದ ನೀರಿನಲ್ಲಿರುವ ಕೋಶಗಳನ್ನೂ ಪ್ರೋಟೀನುಗಳನ್ನೂ ಪರೀಕ್ಷಿಸಿದ ವಿವರ ಪ್ರಕಟಿಸಿದರು. ಅಲ್ಲಿಂದ ಈ ಪದ್ಧತಿ ಲೋಕದೆಲ್ಲೆಡೆ ಹಬ್ಬಿತು. ಪೂರ್ತಿ ಹೆಸರು ಬ್ರಾಂಕೊಆಲ್ವಿಯೋಲಾರ್ ಲ್ಯಾವೇಜ್. ಚೀಟಿಯಲ್ಲಿ ಬಿ.ಎ.ಎಲ್. ಎಂದು ಬರೆಯುತ್ತಾರೆ, ಬಾಯಲ್ಲಿ ‘ಬಾಲ್’ ಎನ್ನುತ್ತಾರೆ.

ರೋಗಿ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಗಂಟಲಿಗೂ ಮೂಗಿಗೂ ಮರಗಟ್ಟಿಸುವ ಔಷಧಿ ಹಾಕುತ್ತಾರೆ. ಸಾಮಾನ್ಯವಾಗಿ ಮಂಪರು ಬರಿಸುವ ಚುಚ್ಚುಮದ್ದನ್ನೂ ಕೊಡುತ್ತಾರೆ. ಕೊಳವೆಯನ್ನು ಮೂಗು ಅಥವಾ ಬಾಯಿಯ ಮೂಲಕ ಇಳಿಸಿ, ಶ್ವಾಸಕೋಶದ ಒಂದು ಸಣ್ಣ ಕವಲಿಗೆ ಬಿರಡೆಯಂತೆ ಕೂರಿಸುತ್ತಾರೆ. ಆಮೇಲೆ ಶುದ್ಧ ಉಪ್ಪುನೀರನ್ನು ಮೂರರಿಂದ ಐದು ಕಂತಿನಲ್ಲಿ ಬಿಟ್ಟು, ಪ್ರತಿ ಕಂತಿಗೂ ಮೆಲ್ಲಗೆ ಹಿಂದಕ್ಕೆ ಎಳೆಯುತ್ತಾರೆ. ಒಟ್ಟು ನೀರು 100ರಿಂದ 300 ಮಿ.ಲೀ. ಅಂದರೆ ಹೆಚ್ಚೆಂದರೆ ದೊಡ್ಡ ಲೋಟ ಒಂದೂವರೆ. ಇಡೀ ಶ್ವಾಸಕೋಶಕ್ಕಲ್ಲ, ಒಂದು ಕವಲಿಗೆ ಮಾತ್ರ. ಉಳಿದ ಭಾಗ ಎಂದಿನಂತೆ ಉಸಿರಾಡುತ್ತಿರುತ್ತದೆ. ಬಿಟ್ಟ ನೀರಿನಲ್ಲಿ ಶೇಕಡಾ 30ರಷ್ಟಾದರೂ ಮರಳಿ ಬಂದರೆ ಒಳ್ಳೆಯ ಮಾದರಿ; ಉಳಿದದ್ದನ್ನು ದೇಹವೇ ಹೀರಿಕೊಳ್ಳುತ್ತದೆ.

ಪರೀಕ್ಷೆಯಾದ ದಿನ ಕೆಮ್ಮು ಹೆಚ್ಚುವುದು, ಕೆಲವರಿಗೆ ಸಂಜೆ ಜ್ವರ ಬರುವುದು ಉಂಟು. ಸಾಮಾನ್ಯವಾಗಿ ಮರುದಿನಕ್ಕೆ ಇಳಿಯುತ್ತದೆ. ಆಮ್ಲಜನಕದ ಮಟ್ಟ ತೀರ ಕಡಿಮೆಯಿದ್ದವರಿಗೆ, ಇತ್ತೀಚೆಗೆ ಹೃದಯಾಘಾತವಾದವರಿಗೆ ವೈದ್ಯರು ಯೋಚಿಸಿಯೇ ಮಾಡುತ್ತಾರೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸತಕ್ಕದ್ದು. ಸದಸ್ಯರು ಹೆದರಿ ಮನೆಗೆ ಓಡಿಬರುವಂಥ ಪರೀಕ್ಷೆ ಇದಲ್ಲ. ಹಾಗೆಂದು ಕೆಮ್ಮಿದವರೆಲ್ಲ ಮಾಡಿಸಿಕೊಳ್ಳಬೇಕಾದದ್ದೂ ಅಲ್ಲ.

ಕೋಶಗಳ ಲೆಕ್ಕ ಹೇಳುವುದೇನು?

ಬಂದ ನೀರನ್ನು ತಡಮಾಡದೆ ಪ್ರಯೋಗಶಾಲೆಗೆ ಕಳಿಸಿ, ಯಂತ್ರದಲ್ಲಿ ತಿರುಗಿಸಿ, ಕೋಶಗಳನ್ನು ಗಾಜಿನ ಮೇಲೆ ಹರಡಿ ಬಣ್ಣ ಹಾಕುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕನಿಷ್ಠ 400 ಕೋಶಗಳನ್ನಾದರೂ ಎಣಿಸಿ, ಯಾವ ಜಾತಿಯದು ಶೇಕಡಾ ಎಷ್ಟು ಎಂದು ಬರೆಯುತ್ತಾರೆ. ಮೂಟೆಯಿಂದ ಒಂದು ಹಿಡಿ ತೆಗೆದು ಚಾಲಿ ಎಷ್ಟು, ಕೋಕಾ ಎಷ್ಟು, ಹಾಳು ಎಷ್ಟು ಎಂದು ನಮ್ಮ ಗೋದಾಮಿನಲ್ಲಿ ವಿಂಗಡಿಸಿ ನೋಡುವಂತೆಯೇ ಇದು.

ಬೀಡಿ ಸಿಗರೇಟು ಸೇದದ, ಆರೋಗ್ಯವಂತನ ತೊಳೆನೀರಿನಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಮ್ಯಾಕ್ರೋಫೇಜ್‌ಗಳಿರುತ್ತವೆ. ಇವು ಗಾಳಿಗೂಡಿನ ಜಾಡಮಾಲಿಗಳು. ಬಿದ್ದ ಧೂಳನ್ನು ನುಂಗುವುದು ಇವುಗಳ ಕೆಲಸ. ಲಿಂಫೋಸೈಟ್ ಶೇಕಡಾ 10ರಿಂದ 15, ನ್ಯೂಟ್ರೋಫಿಲ್ 3ರೊಳಗೆ, ಇಯೋಸಿನೋಫಿಲ್ 1ರೊಳಗೆ. ಈ ಪ್ರಮಾಣ ಏರುಪೇರಾದರೆ ಶ್ವಾಸಕೋಶದೊಳಗೆ ಯಾವ ಬಗೆಯ ಜಗಳ ನಡೆದಿದೆ ಎಂಬ ಸುಳಿವು ಸಿಗುತ್ತದೆ. ಅಮೆರಿಕದ ಎದೆರೋಗ ತಜ್ಞರ ಸಂಘ 2012ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯ ಸಾರ ಹೀಗಿದೆ:

ಲಿಂಫೋಸೈಟ್ ಶೇಕಡಾ 25 ದಾಟಿದರೆ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್, ಸಾರ್ಕಾಯ್ಡ್ ಎಂಬ ಗಂಟು ರೋಗ, ಔಷಧಿಯ ಅಡ್ಡಪರಿಣಾಮ ಮುಂತಾದವುಗಳ ಸಂಶಯ. 50 ದಾಟಿದರೆ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್‌ನ ಸಂಶಯ ಇನ್ನೂ ಬಲವಾಗುತ್ತದೆ.

ನ್ಯೂಟ್ರೋಫಿಲ್ ಶೇಕಡಾ 50 ದಾಟಿದರೆ ಸೋಂಕು, ಆಹಾರ ಉಸಿರುನಾಳಕ್ಕೆ ಇಳಿದದ್ದು ಅಥವಾ ಶ್ವಾಸಕೋಶಕ್ಕೆ ತಟ್ಟನೆ ಆದ ಪೆಟ್ಟಿನ ಸೂಚನೆ.

ಇಯೋಸಿನೋಫಿಲ್ ಶೇಕಡಾ 25 ಅಥವಾ ಹೆಚ್ಚಿದ್ದರೆ ಅದು ಬಹುಮಟ್ಟಿಗೆ ಇಯೋಸಿನೋಫಿಲ್ ಗುಂಪಿನ ರೋಗವೇ ಸರಿ.

ಕೊನೆಯದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಆನೆಕಾಲು ರೋಗದ ಹುಳುವಿನ ಮೇಲೆ ದೇಹ ಅತಿಯಾಗಿ ಕೆರಳಿ, ರಾತ್ರಿ ಹೊತ್ತು ಕೆಮ್ಮು ಉಬ್ಬಸ ತರುವ ರೋಗವೊಂದಿದೆ. 1940ರಲ್ಲಿ ಮದನಪಲ್ಲಿಯ ಕ್ಷಯ ಆಸ್ಪತ್ರೆಯ ವೈದ್ಯರು ‘ಕ್ಷಯದಂತೆ ಕಾಣುವ, ಆದರೆ ಕ್ಷಯವಲ್ಲದ’ ರೋಗವೆಂದು ಇದನ್ನು ಬಣ್ಣಿಸಿದರು. ಇದಕ್ಕೆ ಟ್ರಾಪಿಕಲ್ ಇಯೋಸಿನೋಫಿಲಿಯಾ ಎಂಬ ಹೆಸರು ಬಂದದ್ದು 1943ರಲ್ಲಿ. 1987ರಲ್ಲಿ ಪ್ರಕಟವಾದ, ಮದ್ರಾಸಿನ ಮತ್ತು ಅಮೆರಿಕದ ವೈದ್ಯರು ಕೂಡಿ ನಡೆಸಿದ ಅಧ್ಯಯನದಲ್ಲಿ ಇಂಥ ರೋಗಿಗಳ ತೊಳೆನೀರಿನಲ್ಲಿ ಇಯೋಸಿನೋಫಿಲ್‌ಗಳು ವಿಪರೀತವಾಗಿದ್ದವು. ಹುಳುವಿನ ಔಷಧಿ ಕೊಟ್ಟ ಮೇಲೆ ಬೇಗನೆ ಇಳಿದವು. ಅದೇ ಕೆಮ್ಮು, ಅದೇ ನೆರಳು. ಆದರೆ ಮದ್ದು ಸಂಪೂರ್ಣ ಬೇರೆ. ಕೋಶಗಳ ಲೆಕ್ಕದ ಬೆಲೆ ಇರುವುದು ಇಲ್ಲಿ.

ನೀರಿನ ಬಣ್ಣವೂ ಮಾತಾಡುತ್ತದೆ. ಕಂತಿನಿಂದ ಕಂತಿಗೆ ಕೆಂಪು ಹೆಚ್ಚುತ್ತ ಹೋದರೆ ಗಾಳಿಗೂಡಿನಲ್ಲಿ ರಕ್ತಸ್ರಾವ. ಹಾಲಿನಂತೆ ಬೆಳ್ಳಗೆ ಬಂದರೆ ಗಾಳಿಗೂಡಿನಲ್ಲಿ ಪ್ರೋಟೀನ್ ತುಂಬುವ ಅಪರೂಪದ ರೋಗ. ಕಫವೇ ಬಾರದವರಲ್ಲಿ ಕ್ಷಯದ ರೋಗಾಣು ಹುಡುಕುವುದಕ್ಕೂ ಇದೇ ನೀರು ಒದಗುತ್ತದೆ.

ಮೈಲುತುತ್ತದ ಸಾಕ್ಷಿ

ಅಡಿಕೆ ಬೆಳೆಗಾರರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದು ಪೋರ್ಚುಗಲ್ ದೇಶದ್ದು. ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ. ಮೈಸೂರು ಸಂಸ್ಥಾನದ ಡಾ. ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅದನ್ನು ಅಡಿಕೆಯ ಕೊಳೆರೋಗಕ್ಕೆ ಹೊಡೆಸಿ ನಮ್ಮ ತೋಟಗಳನ್ನು ಉಳಿಸಿದರು. ಆ ಉಪಕಾರ ದೊಡ್ಡದು. ಆದರೆ 1969ರಲ್ಲಿ ಪೋರ್ಚುಗಲ್ಲಿನ ಪಿಮೆಂಟೆಲ್ ಮತ್ತು ಮಾರ್ಕೆಸ್, ದ್ರಾಕ್ಷಿಗೆ ವರ್ಷಗಟ್ಟಲೆ ಇದೇ ದ್ರಾವಣ ಹೊಡೆದ ಕೆಲಸಗಾರರ ಶ್ವಾಸಕೋಶದಲ್ಲಿ ತಾಮ್ರ ತುಂಬಿದ ಗಂಟುಗಳನ್ನು ಕಂಡು, ಹೊಸ ಔದ್ಯೋಗಿಕ ರೋಗವೆಂದು ಸಾರಿದರು. ಮುಂದೆ 1985ರಲ್ಲಿ ಯುಗೋಸ್ಲಾವಿಯಾದ ದ್ರಾಕ್ಷಿ ತೋಟದ ಕೆಲಸಗಾರರ ಕಫ ಪರೀಕ್ಷಿಸಿದಾಗ, ತಾಮ್ರದ ಕಣ ನುಂಗಿದ ಮ್ಯಾಕ್ರೋಫೇಜ್‌ಗಳು ಕಂಡುಬಂದವು. ಜಾಡಮಾಲಿಯ ಬುಟ್ಟಿ ನೋಡಿ ಬೀದಿಯ ಕಸ ಯಾವುದೆಂದು ತಿಳಿಯುವಂತೆ, ಈ ಕೋಶಗಳು ನಮ್ಮ ಕಸುಬಿನ ಗುರುತನ್ನು ಹೊತ್ತಿರಬಲ್ಲವು.

ಇದನ್ನು ಓದಿ ಯಾರೂ ಔಷಧಿ ಹೊಡೆಯುವುದನ್ನು ಬಿಡಬೇಕಾಗಿಲ್ಲ. ಆದರೆ ನಮ್ಮಲ್ಲಿ ದ್ರಾವಣ ಮೇಲಕ್ಕೆ ಹಾರಿ, ಮಂಜಾಗಿ ಕೆಳಗೆ ನಿಂತವನ ಮೇಲೇ ಇಳಿಯುತ್ತದೆ. ಕೊನೆಗಾರನಿಗೂ ಪಂಪಿನ ಬಳಿ ನಿಂತವನಿಗೂ ಮುಖಗವಸು ಬೇಕೆಂಬುದು, ದಮ್ಮು ಬಂದರೆ ವೈದ್ಯರಿಗೆ ಮೈಲುತುತ್ತದ ಮಾತನ್ನು ಹೇಳಬೇಕೆಂಬುದು ಇಷ್ಟರಿಂದ ಸ್ಪಷ್ಟವಾಗುತ್ತದೆ.

ಲೆಕ್ಕಕ್ಕೂ ಮಿತಿಯುಂಟು

ತೊಳೆನೀರಿನ ಲೆಕ್ಕ ಒಂದರಿಂದಲೇ ರೋಗ ನಿರ್ಧಾರವಾಗದು. 1980ರ ದಶಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಹೈನುಗಾರರನ್ನು ಪರೀಕ್ಷಿಸಿದಾಗ, ಯಾವ ಕಾಯಿಲೆಯೂ ಇಲ್ಲದ ಕೆಲವರಲ್ಲಿಯೂ ಲಿಂಫೋಸೈಟ್ ಹೆಚ್ಚಿತ್ತು. ಧೂಳು ತಾಗಿದೆ ಎಂಬುದಕ್ಕೆ ಅದು ಗುರುತು, ರೋಗ ಬಂದಿದೆ ಎಂಬುದಕ್ಕಲ್ಲ. ತದ್ವಿರುದ್ಧವಾಗಿ, ರೋಗ ಹಳತಾಗಿ ನಾರುಗಟ್ಟಿದವರಲ್ಲಿ, ಹೊಗೆ ಸೇದುವವರಲ್ಲಿ ಲಿಂಫೋಸೈಟ್ ಕಡಿಮೆಯೇ ಇರಬಹುದು. ಧೂಳು ತಾಗಿದ ಒಂದೆರಡು ದಿನದೊಳಗೆ ತೊಳೆದರೆ ನ್ಯೂಟ್ರೋಫಿಲ್ ಹೆಚ್ಚಿ ದಾರಿ ತಪ್ಪಿಸಬಹುದು.

ಆದ್ದರಿಂದಲೇ ತಜ್ಞರು ಮೂರು ಸಂಗತಿಗಳನ್ನು ಕೂಡಿಸಿ ನೋಡುತ್ತಾರೆ: ರೋಗಿ ಹೇಳುವ ಕೆಲಸದ ವಿವರ, ಎದೆಯ ಸಿ.ಟಿ. ಸ್ಕ್ಯಾನ್, ತೊಳೆನೀರಿನ ಕೋಶಗಳು. 2020ರಲ್ಲಿ ಅಮೆರಿಕ, ಜಪಾನ್ ಮತ್ತು ಲ್ಯಾಟಿನ್ ಅಮೆರಿಕದ ತಜ್ಞ ಸಂಘಗಳು ಕೂಡಿ ಹೊರತಂದ ಮಾರ್ಗದರ್ಶಿಯೂ ಇದೇ ದಾರಿಯನ್ನು ಹೇಳುತ್ತದೆ. ಮೂರೂ ಒಂದೇ ಕಡೆ ಬೊಟ್ಟು ಮಾಡಿದರೆ ಎಷ್ಟೋ ಜನರಿಗೆ ಶ್ವಾಸಕೋಶದ ಚೂರು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯೇ ತಪ್ಪುತ್ತದೆ. ಈ ಮೂರರಲ್ಲಿ ಎರಡು ಆಸ್ಪತ್ರೆಯ ಯಂತ್ರದಿಂದ ಬರುವಂಥವು. ಒಂದು ನಮ್ಮ ಬಾಯಿಂದಲೇ ಬರಬೇಕು. ಪೇಟೆಯ ವೈದ್ಯರಿಗೆ ಚಾಲಿ ಸುಲಿಯುವುದೆಂದರೆ ಏನು, ಸಿಪ್ಪೆಯ ರಾಶಿ ಎಲ್ಲಿರುತ್ತದೆ ಎಂಬುದು ತಿಳಿದಿರಬೇಕೆಂದಿಲ್ಲ. ‘ಏನು ಕೆಲಸ?’ ಎಂದು ಕೇಳಿದಾಗ ‘ಕೃಷಿ’ ಎಂದು ಒಂದೇ ಶಬ್ದ ಹೇಳಿ ಸುಮ್ಮನಾದರೆ ಅವರೇನು ಮಾಡಿಯಾರು?

ಸದಸ್ಯರು ಮಾಡಬೇಕಾದದ್ದು

1. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ. ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಯೂ ಔಷಧಿಯೂ ಉಚಿತ. ಕ್ಷಯ ಅಲ್ಲವೆಂದು ತಿಳಿದೂ ಕೆಮ್ಮು ದಮ್ಮು ಮುಂದುವರಿದರೆ ಶ್ವಾಸಕೋಶ ತಜ್ಞರನ್ನು ಕಾಣಬೇಕು.

2. ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ತಿಂಗಳು ಯಾವ ಕೆಲಸ, ಧೂಳು ಎಂಥದು, ಬೂಷ್ಟು ಇತ್ತೇ, ಕೆಲಸವಾಗಿ ಎಷ್ಟು ಗಂಟೆಗೆ ತೊಂದರೆ ಬಂತು, ನಾಲ್ಕು ದಿನ ನೆಂಟರ ಮನೆಗೆ ಹೋದಾಗ ಕಡಿಮೆಯಾಯಿತೇ, ಮನೆಯಲ್ಲಿ ಪಾರಿವಾಳ ಕೋಳಿ ಇವೆಯೇ, ಬೋರ್ಡೋ ಎಷ್ಟು ವರ್ಷದಿಂದ ಹೊಡೆಯುತ್ತೀರಿ, ಬೀಡಿ ಸಿಗರೇಟು ಉಂಟೇ, ಯಾವ ಮಾತ್ರೆ ನಡೆಯುತ್ತಿದೆ.

3. ತೊಳೆನೀರಿನ ಪರೀಕ್ಷೆ ಬೇಕೆಂದರೆ, ಅದರಲ್ಲಿ ಕೋಶಗಳ ಶೇಕಡಾವಾರು ಲೆಕ್ಕವೂ ಆಗುತ್ತದೆಯೇ ಎಂದು ವಿನಯದಿಂದ ಕೇಳಿ. ರೋಗಾಣು ಮಾತ್ರ ಹುಡುಕಿ ಲೆಕ್ಕ ಮಾಡದಿದ್ದರೆ ಅರ್ಧ ಪ್ರಯೋಜನ ಹೋದಂತೆ. ಮಂಗಳೂರು, ಮಣಿಪಾಲ, ಮೈಸೂರು, ಬೆಂಗಳೂರುಗಳ ದೊಡ್ಡ ಆಸ್ಪತ್ರೆಗಳ ಶ್ವಾಸಕೋಶ ವಿಭಾಗಗಳಲ್ಲಿ ವಿಚಾರಿಸಬಹುದು. ಹಳೆಯ ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ಎಸೆಯದೆ ಕೊಂಡೊಯ್ಯಿರಿ.

4. ರೋಗ ಬರುವ ಮೊದಲೇ ಎಚ್ಚರ: ಸಿಪ್ಪೆಯ ರಾಶಿ ಮಲಗುವ ಕೋಣೆಯ ಪಕ್ಕ ಬೇಡ. ಸುಲಿಯುವ ಯಂತ್ರವನ್ನು ಗಾಳಿಯಾಡುವ ಕಡೆ, ಧೂಳು ಆಳುಗಳ ಮುಖಕ್ಕೆ ಬಾರದ ದಿಕ್ಕಿಗೆ ಇಡಿ. ಮುಖಕ್ಕೆ ಸುತ್ತಿದ ಬೈರಾಸು ಬೂಷ್ಟಿನ ಕಣವನ್ನು ತಡೆಯದು. ಎನ್-95 ಮುಖಗವಸು ತಡೆಯುತ್ತದೆ. ಆಳುಗಳಿಗೂ ಅದನ್ನೇ ಕೊಡಿಸಿ. ಅವರ ಶ್ವಾಸಕೋಶ ನಮ್ಮದಕ್ಕಿಂತ ಅಗ್ಗವಲ್ಲ.

5. ರೋಗ ಖಚಿತವಾದವರು ಮಾತ್ರೆಯನ್ನೇ ನಂಬಿ ಅದೇ ಧೂಳಿಗೆ ಮರಳಬಾರದು. ಸ್ಟೆರಾಯ್ಡ್ ಮಾತ್ರೆ ಉರಿಯನ್ನು ತಗ್ಗಿಸೀತು. ಕಾರಣ ದೂರವಾಗದೆ ರೋಗ ದೂರವಾಗದು. ಸುಲಿಯುವ ಕೆಲಸವನ್ನು ಬೇರೆಯವರಿಗೆ ವಹಿಸುವುದೋ, ಚಾಲಿ ಬಿಟ್ಟು ಹಸಿ ಅಡಿಕೆಯನ್ನೇ ಕೊಡುವುದೋ, ಮನೆಯವರೊಡನೆ ಕೂತು ತೀರ್ಮಾನಿಸಬೇಕಾದ ವಿಷಯ.

ಮೇಲೆ ಎರಡನೆಯ ಅಂಶದಲ್ಲಿ ಹೇಳಿದ ವಿವರಗಳ ಮಾದರಿ ಚೀಟಿಯನ್ನು ಅಚ್ಚು ಹಾಕಿಸಿ ಸಂಘದ ಕಚೇರಿಯಲ್ಲಿಯೂ ಎರಡೂ ಖರೀದಿ ಕೇಂದ್ರಗಳಲ್ಲಿಯೂ ಇರಿಸಲಾಗಿದೆ. ಸದಸ್ಯರು ತಮಗೂ ತಮ್ಮ ಆಳುಗಳಿಗೂ ಬೇಕಾದಷ್ಟು ಪ್ರತಿಗಳನ್ನು ಉಚಿತವಾಗಿ ಪಡೆಯಬಹುದು. ಬರೆಯಲು ಕಷ್ಟವಾದವರಿಗೆ ಗುಮಾಸ್ತರು ತುಂಬಿಸಿಕೊಡುತ್ತಾರೆ. ಚಾಲಿ ಸುಲಿಯುವ ಕಾಲ ಬರುವ ಮೊದಲೇ ಒಂದು ಪ್ರತಿ ಒಯ್ದಿರಬೇಕಾಗಿ ವಿನಂತಿ.